ದಿಬ್ಬದ ಕಡೆಯ ನೀಲಗಿರಿ

"ಏಳ್ರಿ ಯವ್ವಾ, ಹೊತ್ತಾತು."

"ಏಳೂದಿಲ್ಲ."

ನೀಲಗಂಗವ್ವ ನೀಲಗಿರಿ ಮರಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದಳು. ಮರ ಕಡಿಯಲು ಬಂದ ಅಸ್ಲಮ್ ಗರಗಸದ ಮಷೀನನ್ನು ನೆಲಕ್ಕಿಟ್ಟು ತಲೆ ಕೆರೆದುಕೊಂಡ. ರಾಣೆಬೆನ್ನೂರು ಸುತ್ತಿನ ಹಳ್ಳಿಯವರು, ಕುರಿಗಾರರು, ಅರಣ್ಯ ಇಲಾಖೆಯವರು ಕೂಡಿ ಇಲ್ಲಿಯ ನೀಲಗಿರಿಯನ್ನು ವರ್ಷವರ್ಷವೂ ಸ್ವಲ್ಪ ಸ್ವಲ್ಪವೇ ತೆಗೆದು ಹುಲ್ಲು ಬೆಳೆಸುತ್ತ ಬಂದಿದ್ದರು. ಈ ದಿಬ್ಬದ ಮೇಲೆ ಉಳಿದದ್ದು ಇದೊಂದೇ. ಮುದುಕಿಯ ಬಾಯಿಗೆ ಹೆದರಿ ಪ್ರತಿ ಸಲವೂ ಬಿಟ್ಟು ಹೋಗಿದ್ದರು.

"ಗಿಡಾ ಹಚ್ಚು ಅಂದವರೂ ನೀವ, ಕಡೀತೀವಿ ಅನ್ನವರೂ ನೀವ! ನಾ ಆವಾಗ ಹೊಸಾ ಸೊಸಿ. ಕೆರಿಯಿಂದ ಕೊಡಾ ಹೊತ್ತು ಇದಕ್ಕ ನೀರ ಹಾಕೇನಿ. ಪಾಳು ಗುಡ್ಡಾ ಹಸರ ಮಾಡಿದ್ಲು ಅಂತ ಊರಾಗ ಶಾಲು ಹೊದಿಸಿದ್ರು. ಅದೆಲ್ಲಾ ತಪ್ಪಾತೇನು?"

"ತಪ್ಪು ಅಂತ ಯಾರಂದ್ರಿ? ಇದು ಪಾಳಲ್ಲ, ಹುಲ್ಲಗಾವಲ ಅಂತ ಆವಾಗ ಯಾರಿಗೂ ಹೊಳೀಲಿಲ್ಲ. ಹದ್ದು ಇದರ ಮ್ಯಾಲ ಕುಂತು ಚಿಗರಿ ಮರಿಗೆ ಹೊಂಚು ಹಾಕತೈತ್ರಿ."

"ಎಲ್ಲಿ ಅದಾವ ನಿನ್ನ ಚಿಗರಿ?"

ಇಷ್ಟು ವರ್ಷ ಮರದ ಸಲುವಾಗಿ ಜಗಳಾಡಿದ್ದಳೇ ಹೊರತು ಹುಲ್ಲಿನ ಕಡೆ ಆಕೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಅಸ್ಲಮ್ ತುಟಿಯ ಮೇಲೆ ಬೆರಳಿಟ್ಟು ಆ ಕಡೆ ತೋರಿಸಿದ.

ಹುಲ್ಲಿನ ಮೇಲೆ ಮೊದಲು ಕಂಡದ್ದು ತಿರುಚಿದ ಉದ್ದನೆಯ ಕೊಂಬು. ಆಮೇಲೆ ಕರಿ ಬೆನ್ನು. ಅದರ ಹಿಂದೆ ಕೃಷ್ಣಮೃಗಗಳ ಇಡೀ ಹಿಂಡು. ಏನಕ್ಕೋ ಬೆದರಿ ಒಂದು ಚಿಗರಿ ನೆಗೆಯಿತು, ಇನ್ನೊಂದು ನೆಗೆಯಿತು, ಎಲ್ಲವೂ ನೆಗೆದವು. ಎಷ್ಟು ಎತ್ತರಕ್ಕೆಂದರೆ ಅವುಗಳ ಕಾಲ ಕೆಳಗೆ ದೂರದ ಊರಿನ ಮನೆಗಳು ಕಂಡವು.

"ಯಪ್ಪಾ ಶಿವನ..." ನೀಲಗಂಗವ್ವನ ಮೈ ಜುಮ್ಮೆಂದಿತು. ತನ್ನೂರಿನ ದಿಬ್ಬದಲ್ಲಿ ಇಷ್ಟು ಜೀವ ಇದೆಯೆಂದು ಆಕೆಗೆ ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರು ಬಂದದ್ದೂ ಗೊತ್ತಾಗಲಿಲ್ಲ.

ಹಿಂದೆ ಉಳಿದ ತಾಯಿಯ ಪಕ್ಕದಲ್ಲಿ ಒಂದು ಮರಿ ತಡವರಿಸುತ್ತ ನಿಂತಿತ್ತು. ನೀಲಗಂಗವ್ವನ ನೆತ್ತಿಯ ಮೇಲೆ ಟೊಂಗೆ ಅಲುಗಿತು. ಹದ್ದೊಂದು ರೆಕ್ಕೆ ಬಿಚ್ಚಿ ಹಾರಿತು. ಮರಿ ಹುಲ್ಲಿನಲ್ಲಿ ಕುಸಿದು ಮಾಯವಾಯಿತು. ಹದ್ದು ಸುತ್ತು ಹಾಕಿ, ಏನೂ ಸಿಗದೆ, ಅದೇ ಟೊಂಗೆಗೆ ಮರಳಿ ಬಂದು ಕೂತಿತು.

ನೀಲಗಂಗವ್ವ ಒಮ್ಮೆ ಮೇಲೆ ನೋಡಿದಳು, ಒಮ್ಮೆ ಹುಲ್ಲನ್ನು. ಮರ ಹಿಡಿದುಕೊಂಡೇ ಎದ್ದಳು.

"ತಮ್ಮಾ, ಅವು ದೂರ ಹೋಗ್ಲಿ. ಆಮ್ಯಾಲ ಕಡೀ."

ದಿನವಿಡೀ ಕೂರಲೆಂದು ತಂದಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು, ಬಗ್ಗಿ, ಅಷ್ಟನ್ನೂ ಮರದ ಬುಡಕ್ಕೆ ಸುರಿದಳು.