ಕಾಲು ಹಿಡಿದವನು

"ಸರಿಯಾಗೈತೆ ಸಾಮಿ, ಎದ್ದೇಳಿ" ಎಂದಳು ಕೊಂಡಮ್ಮ. ಯತಿರಾಜ್ ಇನ್ನೂ ಅವಳ ಕೃತಕ ಕಾಲಿನ ತಿರುಪಿಗೆ ಕೈ ಹಾಕಿರಲಿಲ್ಲ.

ಮಂಡಿಯೂರಿ ಕುಳಿತಲ್ಲೇ ಅವನಿಗೆ ರೇಗಿತು. ಎಂ.ಟೆಕ್. ಓದಿ, ಮೈಸೂರು ಬಿಟ್ಟು, ಹೊಸೂರಿನ ಈ ತಗಡಿನ ಷೆಡ್ಡಿಗೆ ಬಂದು ಆರು ವರ್ಷ ಇಂಥವರ ಕಾಲಬುಡದಲ್ಲಿ ಕೂತದ್ದಕ್ಕೆ ಸಿಕ್ಕಿದ್ದು ಇದೊಂದೇ ಮಾತು. ಸರಿಯಾಗೈತೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡ. ಹಾಗೆಂದುಕೊಳ್ಳುತ್ತಲೇ ಮುಖದಲ್ಲಿ ನಗು ಇಟ್ಟುಕೊಂಡಿದ್ದ. ಅದು ಅಭ್ಯಾಸವಾಗಿ ಹೋಗಿತ್ತು.

ಕತ್ತರಿಸಿ ಉಳಿದ ಮೊಂಡುಗಾಲು ಒಂದೇ ಗಾತ್ರದಲ್ಲಿರುವುದಿಲ್ಲ. ಬೆಳಗ್ಗೆ ಊದಿಕೊಂಡಿರುತ್ತದೆ, ನಡೆದಂತೆಲ್ಲ ಸೊರಗುತ್ತದೆ. ಕೃತಕ ಕಾಲಿನ ಮೇಲ್ತುದಿಯಲ್ಲಿ ಅದನ್ನು ಹಿಡಿದುಕೊಳ್ಳುವ ಸಾಕೆಟ್ ಮಾತ್ರ ಅಚ್ಚಿನಿಂದ ಹೇಗೆ ಬಂತೋ ಹಾಗೆ. ಯತಿರಾಜ್ ಅದನ್ನು ನಾಲ್ಕು ಹೋಳು ಮಾಡಿ, ತಂತಿ ಸುತ್ತಿ, ಪಕ್ಕದಲ್ಲೊಂದು ತಿರುಪು ಕೂರಿಸಿದ್ದ. ತಿರುಪಿನ ಸುತ್ತ ಎಂಟು ಗೆರೆ. ತೊಟ್ಟವರು ಬೇಕೆಂದಾಗ ತಾವೇ ತಿರುಗಿಸಿ ಬಿಗಿ ಮಾಡಿಕೊಳ್ಳಬಹುದು, ಸಡಿಲ ಮಾಡಿಕೊಳ್ಳಬಹುದು. ಷೆಡ್ಡಿನವರು ಅದಕ್ಕೆ ಎಂಜಿನಿಯರ್ ಚೊಂಬು ಎಂದು ಹೆಸರಿಟ್ಟಿದ್ದರು. ಅದೂ ಅವನಿಗೆ ಗೊತ್ತಿತ್ತು.

ಮೂವತ್ತೊಂದು ಜನಕ್ಕೆ ತೊಡಿಸಿ ನೋಡಿದ್ದ. ತಮಿಳಿನಲ್ಲಿ ಅಚ್ಚಾದ ನಮೂನೆಯ 'ತಿರುಪ್ತಿ', ಅಂದರೆ ತೃಪ್ತಿ, ಎಂಬ ಅಂಕಣದಲ್ಲಿ ಮೂವತ್ತೊಂದು ಜನರಿಗೂ ಗುರುತು ಬಿದ್ದಿತ್ತು. ಮೂರು ತಿಂಗಳ ಮೇಲಿನ ತಪಾಸಣೆಗೆ ಕೊಂಡಮ್ಮನೇ ಕೊನೆಯವಳು. ಕೆಲಮಂಗಲದ ಸಂತೆಯಲ್ಲಿ ಹೂವು ಮಾರುವವಳು. ಲಾರಿ ಹರಿದು ಎಡಗಾಲು ಹೋಗಿತ್ತು. ಇವಳದೊಂದು ಬರೆದು ಸಹಿ ಹಾಕಿದರೆ ಸಾಕೆಟ್ಟಿನ ನಕ್ಷೆ ಮಧ್ಯಾಹ್ನವೇ ಅಚ್ಚು ಕೊರೆಯಲು ಹೋಗುತ್ತದೆ. ಆಮೇಲೆ ಬದಲಿಸುವಂತಿಲ್ಲ. ಕೃಷ್ಣಗಿರಿಯ ಶಿಬಿರಕ್ಕೆ ನಾನೂರು ಕಾಲು ಬೇಕಿತ್ತು. ಮೇಲ್ವಿಚಾರಕ ರಾಮಕೃಷ್ಣಪ್ಪ ವರದಿ ಹಿಡಿದು ಬಾಗಿಲಲ್ಲೇ ನಿಂತಿದ್ದ.

ತಿರುಪು ತಿರುಗಲಿಲ್ಲ. ಯತಿರಾಜ್ ಬಗ್ಗಿ ನೋಡಿದ. ನಲ್ಲಿ ಸೋರಿದರೆ ಮೆತ್ತುತ್ತಾರಲ್ಲ, ಆ ಎಂ-ಸೀಲನ್ನು ಸುತ್ತಲೂ ಮೆತ್ತಿ, ನಯವಾಗಿ ಒರೆಸಿ, ಮೇಲೆ ಅರಿಶಿನ ಕುಂಕುಮ ಇಟ್ಟಿತ್ತು.

"ಏನಮ್ಮ ಇದು?"

"ಮೊಮ್ಮಕ್ಳು ತಿರುವ್ತಾವೆ ಅಂತ ಮೆತ್ತುಸ್ದೆ ಸಾಮಿ. ನೀವು ಇಟ್ಕೊಟ್ಟಿದ್ದು ಕದಲಬಾರ್ದಲ್ಲ."

"ಕದಲಿಸೋಕೇ ಅಲ್ವೇನಮ್ಮ ಅದಿರೋದು?"

ಯತಿರಾಜ್ ಕಾಲನ್ನು ಕಳಚಿದ. ಮೊದಲು ಬಂದದ್ದು ನಾತ. ಮೊಂಡಿನ ತುದಿಯಲ್ಲಿ ರೂಪಾಯಿ ಅಗಲದ ಹುಣ್ಣು, ಅಂಚು ಕಪ್ಪಾಗಿತ್ತು. ಇನ್ನೊಂದು ತಿಂಗಳು ಹೀಗೇ ನಡೆದರೆ ಮಂಡಿಯ ಮೇಲಕ್ಕೆ ಕೊಯ್ಯಬೇಕಾಗುತ್ತದೆ. ಈಗಲೇ ಕೊಯ್ಯಬೇಕೇನೋ. ಅವನಿಗೆ ಕೋಪ ಬಂತು. ಕೋಪ ಅವಳ ಮೇಲೆ.

"ನೋಯ್ತಿರಲಿಲ್ವಾ?"

"ನೋಯ್ತಿತ್ತು."

"ಯಾವಾಗಿಂದ?"

"ತೊಡಿಸಿದ ದಿನದಿಂದ್ಲೂ."

"ಅವತ್ತೇ ಕೇಳಿದ್ನಲ್ಲ. ಸರಿಯಾಗೈತೆ ಅಂದ್ರಿ."

ಕೊಂಡಮ್ಮ ಸೆರಗನ್ನು ಮೊಂಡಿನ ಮೇಲೆ ಎಳೆದುಕೊಂಡಳು. "ನಿಮ್ಮಂಥೋರು ನೆಲದ ಮ್ಯಾಲೆ ಕುಂತು, ಕಾಲ್ ಹಿಡ್ಕಂಡು ಕೇಳ್ತಿದ್ರಿ. ಕಾಲ್ ಹಿಡ್ದು ಕೇಳ್ದೋರಿಗೆ ಇಲ್ಲ ಅಂತಾರಾ ಸಾಮಿ? ಸರಿ ಅಂದ್ಬುಟ್ರೆ ಎದ್ದೇಳ್ತೀರಲ್ಲ ಅಂತ ಅಂದೆ."

ಬಾಗಿಲಲ್ಲಿ ರಾಮಕೃಷ್ಣಪ್ಪ ಕೆಮ್ಮಿದ.

ಮೂವತ್ತೊಂದು ಜನರ ಕಾಲನ್ನೂ ಯತಿರಾಜ್ ಹೀಗೇ ಹಿಡಿದಿದ್ದ. ಬೇರೆಯವರು ಮೇಜಿನ ಆಚೆಯಿಂದ ಕೇಳುತ್ತಾರೆ, ತಾನು ಮಂಡಿಯೂರಿ ಕೇಳುತ್ತೇನೆ ಎಂದು ಒಳಗೊಳಗೇ ಬೀಗಿದ್ದ. ಆ ಭಂಗಿಯ ಫೋಟೋ ಆಫೀಸಿನ ಗೋಡೆಯ ಮೇಲಿತ್ತು. ಚೆನ್ನಾಗಿ ಬರಲೆಂದು ಎರಡು ಸಲ ಮಂಡಿಯೂರಿದ್ದ. ಆ ಮೂವತ್ತೊಂದು ಜನರಲ್ಲಿ ಯಾರೂ ಕಾಲಿನ ಸುದ್ದಿಯನ್ನೇ ಹೇಳಿರಲಿಲ್ಲ. ಸಾಕು, ಮೇಲೇಳಪ್ಪ ಎಂದಿದ್ದರು ಅಷ್ಟೆ. ಅದನ್ನೇ ಅವನು, ಸರಿ ಅನ್ನಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದರ ಸಮೇತ ಬರೆದುಕೊಂಡು ಗ್ರಾಫ್ ಹಾಕಿದ್ದ. ಮುಟ್ಠಾಳ ಎಂದುಕೊಂಡ. ಅಂದದ್ದು ಯಾರನ್ನು ಎಂದು ಅವನಿಗೇ ಸ್ಪಷ್ಟವಿರಲಿಲ್ಲ.

"ಉಳಿದೋರನ್ನೂ ಮತ್ತೆ ಕೇಳಬೇಕು" ಎಂದ.

"ಕೇಳಿ ಸಾರ್" ಎಂದ ರಾಮಕೃಷ್ಣಪ್ಪ. "ಅಚ್ಚಿನೋರು ಎರಡು ಗಂಟೆಗೆ ಬತ್ತಾರೆ. ಬರ್ದಿರೋದು ನೀವು, ನಾನೇನ್ ಹೇಳ್ಲಿ."

ಯತಿರಾಜ್ ಎದ್ದ. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಗದೆ ಕೇಳಿದ. "ಈಗ ಹೇಳಿ. ಎಂಟು ಗೆರೆ ಇದೆ. ನಿಮಗೆ ಯಾವುದು ಬೇಕಿತ್ತು?"

ಕೊಂಡಮ್ಮ ತಿರುಪಿನ ಕಡೆ ನೋಡಲಿಲ್ಲ. ಅವನ ಮುಖ ನೋಡಿದಳು. "ಯಾವ್ದು ಅಂದ್ರೆ ಸರಿಯಾಯ್ತದೆ ಸಾಮಿ?"

ಅವನು ಹುಬ್ಬು ಗಂಟಿಕ್ಕಿದ. ಸಿಟ್ಟಾಗಿದ್ದಾನೆ ಎಂದು ಅವಳಿಗೆ ಅನ್ನಿಸಿರಬೇಕು. ಕೃತಕ ಕಾಲನ್ನೆತ್ತಿ ಮೊಂಡನ್ನು ಅದರೊಳಕ್ಕೆ ತುರುಕಿಕೊಂಡು, ಗೋಡೆ ಹಿಡಿದು ಎದ್ದಳು. "ಚೆನ್ನಾಗೇ ಐತೆ, ನೋಡಿ. ನಿಮ್ಗೆ ಕೆಟ್ಟ ಹೆಸ್ರು ಬರಬಾರ್ದು."

ಬೇಡ ಎನ್ನಬೇಕಿತ್ತು. ಒಮ್ಮೆಯಾದರೂ ಅವಳ ಬಾಯಿಂದಲೇ ನಿಜ ಬರಲಿ ಎಂದು ಹಟ ಹಿಡಿದು ನಿಂತ. ಮೂರು ತಿಂಗಳಿಂದ ತನ್ನನ್ನು ಎದ್ದೇಳಿಸುತ್ತಲೇ ಬಂದಿದ್ದ ಆ ನಯವಿನಯವನ್ನು ಅವನು ಮನಸಾರೆ ದ್ವೇಷಿಸಿದ.

ಅವಳು ಷೆಡ್ಡಿನ ಉದ್ದಕ್ಕೂ ನಡೆದಳು. ಎದುರುಗೋಡೆ ಸಿಕ್ಕಿತು, ತಿರುಗಿದಳು. ನೋಯುತ್ತದೆ ಎಂದು ಒಂದು ಸಲ ಅನ್ನಲಿ ಎಂದು ಅವನು ಹಲ್ಲು ಕಚ್ಚಿ ಕಾದ. ಅವನು ಸಾಕು ಎನ್ನದೆ ಅವಳು ನಿಲ್ಲುವಂತಿರಲಿಲ್ಲ. ರಾಮಕೃಷ್ಣಪ್ಪ ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದ.

ಕೊಂಡಮ್ಮ ಮತ್ತೆ ಗೋಡೆ ಮುಟ್ಟಿ ತಿರುಗಿದಳು. ರಬ್ಬರ್ ಪಾದ ಸಿಮೆಂಟು ನೆಲದ ಮೇಲೆ ಒದ್ದೆ ಗುರುತು ಬಿಡತೊಡಗಿತ್ತು. ಅವಳು ಅವನ ಮುಖವನ್ನೇ ನೋಡುತ್ತ, ನಗುತ್ತ, ಅದರ ಮೇಲೆಯೇ ಮತ್ತೆ ನಡೆದು ಬಂದಳು.