ಗಂಗೆಯನ್ನು ಮೇಲೇರಿಸಿದವಳು

ನಿಷತ ಹಾಡಲು ನಿಂತಾಗ ಅವಳ ಕಾಲಲ್ಲಿ ಇನ್ನೂ ಪಂಪ್‌ಹೌಸಿನ ಬೂಟುಗಳಿದ್ದವು. ಮುಳವಾಡದ ಹತ್ತಿರ ಕೃಷ್ಣೆಯ ನೀರನ್ನು ಮೇಲೆತ್ತುವ ಏತ ನೀರಾವರಿಯ ಪಂಪುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಅವಳು. ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬೀರಣ್ಣನ ಹೊಲಕ್ಕೆ ಬಂದಿದ್ದಳು.

ಬಸವನ ಬಾಗೇವಾಡಿ ಕಡೆಯ ಆ ಹೊಲಕ್ಕೆ ಹಿಂದಿನ ದಿನ ಮೊದಲ ಸಲ ಕಾಲುವೆಯ ನೀರು ಬಂದಿತ್ತು. ಆ ಸಂತೋಷಕ್ಕೆ ಬೀರಣ್ಣ ಎರಡು ಮೇಳಗಳನ್ನು ಕರೆಸಿದ್ದ. ಒಂದು, ನನ್ನ ಅಜ್ಜಿ ರೇವವ್ವನ ಯಂಕಂಚಿಯ ನಾಗೇಶಿ ಮೇಳ. ಎದುರಿಗೆ ಇಂಡಿ ಕಡೆಯ ಯಲ್ಲಾಲಿಂಗನ ಹರದೇಶಿ ಮೇಳ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು. ಒಬ್ಬರು ಪದದಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಪದದಲ್ಲೇ, ಅದೂ ನಿಂತ ಕಾಲಲ್ಲಿ, ಜವಾಬು ಕೊಡಬೇಕು.

ಗಂಟಲಿನ ಆಪರೇಷನ್ ಆದ ಮೇಲೆ ಅಜ್ಜಿಗೆ ಪಿಸುಮಾತಷ್ಟೇ ಉಳಿದಿತ್ತು. ತನ್ನ ಜಾಗದಲ್ಲಿ ಅವಳು ನಿಲ್ಲಿಸಿದ್ದು ನಿಷತಳನ್ನು. ಮೇಳದವರು ಮುಖ ಮುಖ ನೋಡಿಕೊಂಡಿದ್ದರು. ನಿಷತ ಹಾಡುವುದು ರ‍್ಯಾಪ್. ರಜೆ ಬಂದರೆ ಹುಬ್ಬಳ್ಳಿ, ಕಲಬುರಗಿ ಎಂದು ಶೋಗಳಿಗೆ ಹೋಗುತ್ತಾಳೆ. ಮುದ್ದೇಬಿಹಾಳದ ಕಾಲೇಜು ಹುಡುಗರ ಫೋನುಗಳಲ್ಲೆಲ್ಲ ಅವಳದೇ ದನಿ. ಯಾರಾದರೂ ಅದನ್ನು ಹವ್ಯಾಸ ಎಂದರೆ ಅವಳಿಗೆ ಸಿಟ್ಟು. "ಎರಡೂ ನನ್ನ ಕೆಲಸಾನ. ಒಂದು ನೀರಿಂದು, ಒಂದು ಮಾತಿಂದು," ಎನ್ನುತ್ತಿದ್ದಳು.

ಅವಳ ಅಪ್ಪ ಚಾಂದಸಾಬನಿಗೆ ಮಾತ್ರ ಅದು ಕೆಲಸವೂ ಅಲ್ಲ, ಹಾಡೂ ಅಲ್ಲ. ಸಿಂದಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಚಾಂದಸಾಬ ನನ್ನ ಅಜ್ಜಿಯ ಮೇಳದ ಡಪ್ಪು ನುಡಿಸುವವನು. ಮಗಳು ತನ್ನ ಮೊದಲ ದೊಡ್ಡ ಹಾಡಿಗೆ ಅಪ್ಪನ ಡಪ್ಪೇ ಬೇಕೆಂದು ಹಟ ಹಿಡಿದು ವರ್ಷವಾಗಿತ್ತು, ಅವನು ಒಪ್ಪಿರಲಿಲ್ಲ. ಪಂಪ್‌ಹೌಸಿನಿಂದ ಅವಳನ್ನು ಹತ್ತಿಸಿಕೊಂಡು ಬರುವಾಗ ಮೇಳದ ಜೀಪಿನಲ್ಲಿ ಅವನು ಒಂದೇ ಮಾತು ಹೇಳಿದ.

"ಇವತ್ತ ನಾ ಡಪ್ಪ ನೆಲಕ್ಕ ಇಟ್ಟೆ ಅಂದ್ರ, ನೀ ಆ ರ‍್ಯಾಪ ಬಿಡಬೇಕು. ನೌಕರಿ ಒಂದ ಮಾಡ್ಕೊಂಡ ಇರಬೇಕು."

"ಇಡಲಿಲ್ಲ ಅಂದ್ರ?"

"ಆಗ ನೋಡೂಣು."

ನಮ್ಮ ಮೇಳಗಳಲ್ಲಿ ಹಾಗೊಂದು ಕಟ್ಟಳೆ ಇದೆ. ಹಾಡುವವರ ಲಯ ಜಾರಿದರೆ, ಅಥವಾ ಜವಾಬು ಜವಾಬಾಗದಿದ್ದರೆ, ಅವರದೇ ಡಪ್ಪಿನವನು ಡಪ್ಪನ್ನು ನೆಲಕ್ಕಿಟ್ಟುಬಿಡುತ್ತಾನೆ. ಅಲ್ಲಿಗೆ ಸೋಲು. ಹೆಂಡತಿ ಹಾಡುತ್ತಿರಲಿ, ಮಗಳು ಹಾಡುತ್ತಿರಲಿ, ಅವನು ಕೈ ತಡೆಯುವಂತಿಲ್ಲ. ಚಾಂದಸಾಬ ಒಮ್ಮೆ ನನ್ನ ಅಜ್ಜಿಯ ಹಾಡಿಗೇ ಡಪ್ಪು ಇಟ್ಟಿದ್ದನಂತೆ.

ಯಲ್ಲಾಲಿಂಗ ಮೀಸೆ ಒರೆಸಿಕೊಂಡು ಎದ್ದ. ನಿಷತಳ ಕಾಲು ನೋಡಿ ಜನರ ಕಡೆ ತಿರುಗಿದ.

"ಏನ್ ರೇವವ್ವಾಯಿ, ಈ ಹುಡುಗಿ ಹಾಡಾಕ ಬಂದಾಳೋ ಹೊಲಾ ಅಳಿಯಾಕ ಬಂದಾಳೋ?"

ಹೊಲವೆಲ್ಲ ನಕ್ಕಿತು. ನಿಷತ ತಾನೂ ನಕ್ಕಳು. "ಮದಲ ಸವಾಲ ಹಾಕ್ರಿ ಅಣ್ಣಾರ. ಬೂಟಿನ ಸುದ್ದಿ ಆಮ್ಯಾಲ."

ಅವನು ತುಂತುಣಿ ಮೀಟಿ ದನಿ ಎತ್ತಿದ:

"ಮ್ಯಾಲಿಂದ ಕೆಳಗ ಬಂದಾಳ ಗಂಗಿ
ಹರನ ಜಡಿಯಾಗ ಸಿಕ್ಕಾಳ ಗಂಗಿ
ಕೆಳಗಿಂದ ಮ್ಯಾಲ ಏರಿಸಿದಾಕಿ
ಇದ್ದರ ಹೆಸರ ಹೇಳ ತಂಗಿ"

ಅಜ್ಜಿ ನನ್ನ ಕೈ ಹಿಡಿದಳು. ಆ ಸವಾಲಿನ ಬಲೆ ಅವಳಿಗೆ ಗೊತ್ತಿತ್ತು. ನೀರನ್ನು ಮೇಲೆಳೆಯುವವನು ಸೂರ್ಯ ಎಂದರೆ, ಸೂರ್ಯ ಗಂಡು, ಗೆಲುವು ಅವರದು. ಗೊತ್ತಿಲ್ಲ ಎಂದರೂ ಅವರದು. "ಇದಕ್ಕ ನನ್ನ ಹಂತ್ಯಾಕೂ ಜವಾಬ ಇಲ್ಲವ್ವ," ಎಂದು ಕಿವಿಯಲ್ಲಿ ಪಿಸುಗುಟ್ಟಿದಳು.

ಚಾಂದಸಾಬನ ಡಪ್ಪು ಸುಮ್ಮನೆ ದಾರಿ ಕಾಯುವಂತೆ ನುಡಿಯುತ್ತಿತ್ತು. ನಿಷತ ಕಣ್ಣು ಮುಚ್ಚಿದಳು. ಯಂತ್ರದ ಸದ್ದಿನಲ್ಲಿ ಏನನ್ನೋ ಹುಡುಕುವವಳಂತೆ ಸ್ವಲ್ಪ ತಲೆ ವಾಲಿಸಿ ಕೇಳಿದಳು. ಆಮೇಲೆ ಶುರು ಮಾಡಿದಳು, ಮೆಲ್ಲಗೆ, ಪಕ್ಕದವರಿಗೆ ಹೇಳುವ ಹಾಗೆ:

"ನಾನ ಏರಿಸೇನಿ ಕೇಳೋ ಅಣ್ಣ, ನಿನ್ನಿ ಮುಂಜಾನಿ ಪಾಳಿಯಾಗ
ಕೃಷ್ಣಿ ಮಲಗಿದ್ಲು ತೆಳಗ, ಎಬ್ಬಿಸಿ ತಂದೇನಿ ಕೊಳವಿಯಾಗ
ಏಳವ್ವ ಅಂದೇನಿ, ಎದ್ದಾಳ. ಏರವ್ವ ಅಂದೇನಿ, ಏರ್ಯಾಳ
ನೀ ನಿಂತ ಹೊಲದ ಬದುವಿನ ಮಗ್ಗಲ ನಕ್ಕೋತ ನಕ್ಕೋತ ಹರದಾಳ"

ಜನರ ತಲೆಗಳು ಒಮ್ಮೆಲೇ ಕಾಲುವೆಯ ಕಡೆ ಹೊರಳಿದವು. ನೀರು ನಿಜಕ್ಕೂ ಅಲ್ಲಿತ್ತು, ಬಿಸಿಲನ್ನು ಹೊತ್ತುಕೊಂಡು ಹೋಗುತ್ತಿತ್ತು. ಮಲಗಿದ ನೀರನ್ನು ಕೂಗಿ ಕರೆಯುವ ರಾಣಿಯರನ್ನು ಅಜ್ಜಿಯ ಕಥೆಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಹೆಲ್ಮೆಟ್ಟಿನ ಗುರುತು ಹಣೆಯ ಮೇಲೆ ಹೊತ್ತು ನಿಂತ ರಾಣಿಯನ್ನು ಕಂಡದ್ದು ಅಂದೇ.

ಆಮೇಲೆ ಅವಳು ವೇಗ ಹೆಚ್ಚಿಸಿದಳು. ಮೋಟಾರು ತಿರುಗುವುದು, ಕೊಳವೆ ನಡುಗುವುದು, ವಾಲ್ವು ಬಿಚ್ಚುವುದು, ನೀರು ಒತ್ತಿ ಒತ್ತಿ ಗುಡ್ಡ ಹತ್ತುವುದು ಎಲ್ಲವೂ ಮಾತಾಗಿ ಒಂದರ ಬೆನ್ನಿಗೊಂದು ಬಂದವು. ಅವಳು ಉಸಿರು ತೆಗೆದುಕೊಂಡದ್ದು ಎಲ್ಲಿ ಎಂದು ನನಗೆ ತಿಳಿಯಲಿಲ್ಲ. ಚಾಂದಸಾಬನ ಹಣೆ ಬೆವೆತಿತ್ತು. ಅವನ ಬಲಗೈಯ ಕಡ್ಡಿ ಒಂದು ಪೆಟ್ಟು ಹಿಂದೆ ಬಿತ್ತು. ಇನ್ನೊಂದು ಪೆಟ್ಟು. ಡಪ್ಪು ಎದೆಯಿಂದ ಮೆಲ್ಲಗೆ ಕೆಳಗಿಳಿಯಿತು.

"ಇಟ್ಟಾ," ಎಂದಳು ಅಜ್ಜಿ.

ನಿಷತ ಅಪ್ಪನನ್ನು ನೋಡಿದಳು. ಹಾಡು ನಿಲ್ಲಿಸಲಿಲ್ಲ.

ನೆಲಕ್ಕೆ ಬಿದ್ದದ್ದು ಕಡ್ಡಿ. ಚಾಂದಸಾಬ ಡಪ್ಪನ್ನು ಮೊಣಕಾಲ ಮೇಲೆ ಒರಗಿಸಿಕೊಂಡು ಹತ್ತೂ ಬೆರಳುಗಳಿಂದ ನುಡಿಸತೊಡಗಿದ. ನಾನು ಹುಟ್ಟಿದಾಗಿನಿಂದ ಅವನ ಡಪ್ಪು ಕೇಳಿದವಳು; ಅಂಥ ಸದ್ದು ಅದರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಬಹುಶಃ ಅವನಿಗೂ ಇರಲಿಲ್ಲ. ಮುಖ ಬಗ್ಗಿಸಿ, ಬೆರಗಾದ ಮಗುವಿನ ಹಾಗೆ ತನ್ನ ಬೆರಳುಗಳನ್ನೇ ನೋಡುತ್ತಿದ್ದ. ಮಗಳು ಓಡಿದಲ್ಲೆಲ್ಲ ಆ ಬೆರಳುಗಳು ಓಡಿದವು. ಒಂದೆರಡು ಕಡೆ ಅವನೇ ಮುಂದೆ ಹೋಗಿ ನಿಂತು ಕಾದ. ಹೊಲದಲ್ಲಿ ಕೂತವರು ಯಾವಾಗ ಎದ್ದು ನಿಂತರೋ ಯಾರಿಗೂ ನೆನಪಿಲ್ಲ.

ಕೊನೆಯ ಸಾಲಿನಲ್ಲಿ ಪದ ಕಟ್ಟಿದವರ ಹೆಸರು ಬರಬೇಕು. ಅವಳು ದನಿ ಇಳಿಸಿದಳು:

"ಏರಿಸಿದಾಕಿ ಹೆಸರ ಕೇಳೀದಿ, ನಿಷತ ಅಂತಾರ ಊರಾಗ
ಯಂಕಂಚಿ ಚಾಂದಸಾಬನ ಮಗಳ, ಅವನ ತಾಳ ನನ್ನ ನೆತ್ತರದಾಗ"

ಬೆರಳುಗಳು ಅಲ್ಲಿಗೆ ನಿಂತವು. ಯಲ್ಲಾಲಿಂಗ ತುಂತುಣಿಯನ್ನು ಪಕ್ಕಕ್ಕಿಟ್ಟ. ಆಮೇಲೆ ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಸೂರ್ಯಾನ ಹೆಸರ ಹೇಳ್ತಿ ಅಂದ್ಕೊಂಡಿದ್ದೆ ತಂಗಿ," ಎಂದ. "ನನಗ ಮುಂದ ಹಾದಿ ಇಲ್ಲ."

ಅಜ್ಜಿಗೆ ಚಪ್ಪಾಳೆ ತಟ್ಟಲೂ ಆಗಲಿಲ್ಲ. ನನ್ನ ಕೈಯನ್ನೇ ಹಿಸುಕುತ್ತಿದ್ದಳು.

ನಿಷತ ಅಪ್ಪನ ಎದುರು ಬಂದು ಕುಳಿತಳು. ಅವನು ಬೆರಳುಗಳನ್ನು ಮಡಚಿ ಬಿಡಿಸಿ ಮಾಡುತ್ತಿದ್ದ.

"ಅಬ್ಬಾ, ಕೈ ನೊಂದೂವೇನು?"

"ನೊಯ್ಯದ ಏನ್ಮಾಡ್ತಾವು? ಮನಶಾನ ಅದೇನಿ, ನಿನ್ನ ಮೋಟರ ಅಲ್ಲ." ಕೆಳಗೆ ಬಿದ್ದಿದ್ದ ಕಡ್ಡಿ ಎತ್ತಿಕೊಂಡ. "ನಾಳಿ ಪಾಳಿ ಎಷ್ಟಕ್ಕ ಮುಗೀತೈತಿ?"

"ಎರಡಕ್ಕ. ಯಾಕ?"

"ಮುಗಿಸಿಕೊಂಡ ಬಾ. ಅಂಗಡಿ ಬಾಗಲಾ ಹಾಕಿ, ಡಪ್ಪ ಕಾಸಿ ಇಟ್ಟಿರ್ತೇನಿ. ಆ ನಡುವ ನೀ ಓಡಿದೆಲ್ಲ, ಅಲ್ಲಿ ನನಗ ಇನ್ನೂ ಒಂದು ಪೆಟ್ಟ ಸಿಕ್ಕಿಲ್ಲ."