ಎರಡೇ ಜೊತೆ ಕೈಗವಸು

ಕಪ್ಪೆ ಹಿಡಿದಿಟ್ಟಿದ್ದ ಮೂವತ್ತು ಡಬ್ಬಿಗಳನ್ನು ತೊಳೆದು, ಒಂದೊಂದನ್ನೇ ಬಟ್ಟೆಯ ಮೇಲೆ ಬೋರಲು ಹಾಕುವಷ್ಟು ಹೊತ್ತೂ ಅವಳು ತುಟಿ ಬಿಚ್ಚಲಿಲ್ಲ. ಕಪ್ಪೆ, ಹಾವು, ಆಮೆಗಳ ಅಂಟುರೋಗ ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ತೊಳೆಯುವ ಕೆಲಸಕ್ಕೆ ಸೇರಿ ಎರಡು ವರ್ಷವಾದರೂ ಎಲ್ಲರ ಬಾಯಲ್ಲೂ ಅವಳು ಮೂಗಿಯೇ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೆ ಗೋಡೆಗೆ ಅಂಟಿಸಿದ್ದ ನಿಯಮಗಳೆಲ್ಲ ಅವಳಿಗೆ ಬಾಯಿಪಾಠ. ಮೊದಲನೆಯದೇ, ಒಂದು ಕಪ್ಪೆಗೆ ಒಂದು ಜೊತೆ ಕೈಗವಸು. ರೋಗದ ಕಪ್ಪೆಯನ್ನು ಮುಟ್ಟಿದ ಕೈಯಲ್ಲೇ ಇನ್ನೊಂದನ್ನು ಹಿಡಿದರೆ ಪರೀಕ್ಷೆಯಲ್ಲಿ ಎಲ್ಲವೂ ರೋಗದವೇ ಆಗಿಬಿಡುತ್ತವೆ.

ಡಬ್ಬಿ ಮುಗಿಸಿ ಕಸದ ಚೀಲ ಎತ್ತಿದಳು. ಬೇರೆ ದಿನ ದಿಂಬಿನಂತೆ ಉಬ್ಬಿರುತ್ತಿದ್ದ ಚೀಲ ಇವತ್ತು ಜೋತುಬಿದ್ದಿತ್ತು. ಬೆಳಕಿಗೆ ಹಿಡಿದಳು. ಒಳಗೆ ಕಪ್ಪೆಯ ಚರ್ಮ ಒರೆಸಿ ಮಾದರಿ ತೆಗೆಯುವ ಹತ್ತಿಕಡ್ಡಿಯ ಹೊದಿಕೆಗಳ ರಾಶಿ, ಎರಡೇ ಜೊತೆ ಕೈಗವಸು. ಕಪ್ಪೆ ಹಿಡಿಯಲು ಹೋದವರ ಜೊತೆ ತಾನೇ ತುಂಬಿ ಕಳಿಸಿದ್ದ ಕೈಗವಸಿನ ಪೆಟ್ಟಿಗೆ ಅಂಟುಪಟ್ಟಿ ಕೂಡ ಕೀಳದೆ ವಾಪಸು ಬಂದಿತ್ತು.

"ಅಕ್ಕಾ, ಮೂವತ್ತು ಕಪ್ಪೆಗೆ ಎರಡೇ ಜೊತೆನಾ?" ಎಂದು ಸಂಶೋಧನೆ ಮಾಡುವ ಅಕ್ಕನನ್ನು ಕೇಳಿದಳು.

"ಪೆಟ್ಟಿಗೆ ಗಾಡೀಲೇ ಉಳಿದ್ಹೋಯ್ತು ಕಣೆ. ಹೊರದೇಶದಿಂದ ಬಂದಿದ್ದ ಅತಿಥಿಗೆ ವಿಮಾನದ ಹೊತ್ತಾಗಿತ್ತು, ಇದ್ದದ್ರಲ್ಲೇ ಮುಗಿಸಿದ್ವಿ. ನೀನು ಸುಮ್ನೆ ಚೀಲ ಕಟ್ಟು."

ಕಟ್ಟಿದಳು. ಮೇಲೆ ತಾರೀಕು, ಜಾಗ ಬರೆದ ಚೀಟಿ ಅಂಟಿಸಿದಳು. ಅದು ಊರಾಚೆಯ ಕೊಳ. ಅಲ್ಲಿನ ಕಾವಲುಗಾರ ಅವಳ ಸೋದರಮಾವ, ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದವನು. "ನಿನಗಿಂತ ನನ್ನ ಕಪ್ಪೆಗಳೇ ವಾಸಿ ಕಣೆ, ಸಂಜೆಯಾದ್ರೆ ಎರಡು ಮಾತಾದ್ರೂ ಆಡ್ತವೆ" ಎಂದು ರೇಗಿಸುವವನು.

ಗುರುವಾರ ಫಲಿತಾಂಶ ಬಂತು. ಮೂವತ್ತಕ್ಕೆ ಮೂವತ್ತೂ ಪಾಸಿಟಿವ್.

ಶುಕ್ರವಾರ ಸಭೆ. ಗೋಡೆಯ ಪರದೆಯ ಮೇಲೆ ಮೂರು ದೇಶಗಳ ವಿಜ್ಞಾನಿಗಳು, ಅವರ ನಡುವೆ ಆ ಅತಿಥಿ. ಅವಳು ನೀರಿನ ಲೋಟಗಳನ್ನು ಇಡುತ್ತಿದ್ದಾಗ ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡ ಡಾಕ್ಟರು ವರದಿ ಓದಿದರು. ಕಾವಲುಗಾರ ಎಲ್ಲಿಂದಲೋ ಮೀನುಮರಿ ತಂದು ಬಿಟ್ಟಿರಬೇಕು, ರೋಗ ಅದರ ಜೊತೆ ಬಂದಿರಬೇಕು. ಸೋಮವಾರ ಕೊಳ ಬತ್ತಿಸಿ ಸುಣ್ಣ ಸುರಿಯುವುದು. ಕಾವಲುಗಾರನನ್ನು ಕೆಲಸದಿಂದ ತೆಗೆಯುವುದು. ಪರದೆಯ ಮೇಲೆ ಅತಿಥಿ ತಲೆಯಾಡಿಸಿದರು.

ಮಾವ ಹನ್ನೊಂದು ವರ್ಷದಿಂದ ಆ ಕೊಳಕ್ಕೆ ಒಂದು ಹಿಡಿ ಮಣ್ಣು ಹಾಕಲೂ ಯಾರನ್ನೂ ಬಿಟ್ಟವನಲ್ಲ. ತಾವು ಎಡವಿ, ಎದುರಿಗಿಲ್ಲದವನ ತಲೆ ಮೇಲೆ ಗೂಬೆ ಕೂರಿಸುತ್ತಿದ್ದಾರಲ್ಲ! ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕೈಲಿದ್ದ ಲೋಟವನ್ನು ಅಲ್ಲೇ ಇಟ್ಟಳು.

ಉಗ್ರಾಣಕ್ಕೆ ಹೋದಳು. ಕಸ ಸುಡುವ ಗಾಡಿ ಬರುವುದು ಶನಿವಾರ. ಚೀಲ ಇನ್ನೂ ಅಲ್ಲೇ ಇತ್ತು. ತಂದು ಸಭೆಯ ಮೇಜಿನ ಮೇಲೆ, ವರದಿಯ ಪಕ್ಕದಲ್ಲೇ ಇಟ್ಟಳು.

"ಏನಮ್ಮಾ ಇದು? ಕಸ ತಂದು ಇಲ್ಲಿಡ್ತೀಯಾ?" ಎಂದರು ದೊಡ್ಡ ಡಾಕ್ಟರು.

"ಕೊಳದ ಕಸ ಸಾರ್. ಚೀಟಿ ನೋಡಿ."

"ಅರೆ, ಮೂಗಿಗೂ ಬಾಯಿ ಬಂತು!" ಎಂದು ಉಗ್ರಾಣದ ಗುಮಾಸ್ತ ನಕ್ಕ.

"ಬಂತು. ಬರೋ ಹಾಗೆ ನೀವೇ ಮಾಡಿದ್ರಿ." ಅವಳು ದೊಡ್ಡ ಡಾಕ್ಟರ ಕಡೆ ತಿರುಗಿದಳು. "ಒಂದು ಕಪ್ಪೆಗೆ ಒಂದು ಜೊತೆ ಅಂತ ಗೋಡೆ ಮೇಲೆ ಬರೆಸಿದ್ದು ನೀವೇ. ನನಗೆ ಕೈ ಹಿಡಿದು ಕಲಿಸಿದ್ದೂ ನೀವೇ. ಇದರಲ್ಲಿ ಎರಡೇ ಜೊತೆ ಇದೆ. ನಮ್ಮ ಮಾವ ಮೀನು ಬಿಟ್ಟಿದ್ದನ್ನ ಯಾರು ಕಂಡ್ರಿ?"

ಅಕ್ಕ ತಲೆ ತಗ್ಗಿಸಿದಳು. ಅತಿಥಿ ಮುಖವನ್ನು ಪರದೆಗೆ ಹತ್ತಿರ ತಂದು, ಆ ಹುಡುಗಿ ಏನು ಹೇಳುತ್ತಿದ್ದಾಳೆ ಎಂದು ಕೇಳಿದರು. ದೊಡ್ಡ ಡಾಕ್ಟರು ಕೈಚಾಚಿ ಮೈಕಿನ ಗುಂಡಿ ಒತ್ತಿದರು. ಅದರ ಕೆಂಪು ದೀಪ ಹತ್ತಿತು. ಇನ್ನು ಇಲ್ಲಿಯ ಮಾತು ಆಚೆಗೆ ಕೇಳುವುದಿಲ್ಲ. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ವರದಿಯ ಕೊನೆಯ ಹಾಳೆ ಹುಡುಕತೊಡಗಿದರು.

ಅವಳು ಚೀಲವನ್ನು ಆ ಹಾಳೆಗಳ ಮೇಲೆಯೇ ಸರಿಸಿದಳು.

"ರುಜು ಹಾಕೋ ಮುಂಚೆ ಇದನ್ನ ಎಣಿಸಿ ಸಾರ್. ಕೊಳದ ಕಪ್ಪೆಗಳನ್ನ ಒಂದಕ್ಕೊಂದು ಜೊತೆ ಕೈಗವಸು ಹಾಕಿ ಇನ್ನೊಂದ್ಸಲ ಪರೀಕ್ಷೆ ಮಾಡಿ."

ಅವಳು ಚೀಲದ ಮೇಲಿಂದ ಕೈ ತೆಗೆಯಲಿಲ್ಲ.

"ಒಂದೇ ಒಂದ್ಸಲ ಸಾರ್. ಎಣಿಸಿ."